ಸಂಘದ ಹೆಸರು ಬದಲಿಸುವ ಮುನ್ನ

ಪ್ರಶ್ನೆ: ನಮ್ಮದು ಹಳೆಯ ಪೋಷಕರ ಸಂಘ. ಮಕ್ಕಳ ಮಾಸಾಶನ, ಶಾಲಾ ಪ್ರವೇಶಕ್ಕಾಗಿ ಇಲಾಖೆಗಳನ್ನು ಒತ್ತಾಯಿಸುವುದೇ ಕೆಲಸ. ಹೆಸರಿನಲ್ಲಿ ‘ಬುದ್ಧಿಮಾಂದ್ಯ’ ಎಂದೂ ‘ಕ್ಷೇಮಾಭಿವೃದ್ಧಿ’ ಎಂದೂ ಇದೆ. ಹೊಸ ತಂದೆತಾಯಂದಿರು ಹತ್ತಿರ ಸುಳಿಯುವುದಿಲ್ಲ, ಬಂದವರು ಸಹಾಯಧನ ಕೇಳುತ್ತಾರೆ. ಹೆಸರು ಬದಲಿಸಬಹುದೇ?
— ಓದುಗರು, ಶಿವಮೊಗ್ಗ ಜಿಲ್ಲೆ

ಉತ್ತರ: ಬದಲಿಸಬಹುದು, ಬದಲಿಸಲೇಬೇಕು. ಮಗುವಿನ ತೊಂದರೆ ಈಗಷ್ಟೇ ತಿಳಿದ ತಾಯಿ ಆ ಬೋರ್ಡು ನೋಡಿ ಹಿಂಜರಿದರೆ ತಪ್ಪು ಆಕೆಯದಲ್ಲ. ಸೆರೆಬ್ರಲ್ ಪಾಲ್ಸಿ ಇರುವವರಿಗಾಗಿ ದುಡಿಯುತ್ತಿದ್ದ ಬ್ರಿಟನ್ನಿನ ಸ್ಪ್ಯಾಸ್ಟಿಕ್ಸ್ ಸೊಸೈಟಿ 1994ರಲ್ಲಿ ‘ಸ್ಕೋಪ್’ ಆದದ್ದು ಅದರ ಹೆಸರಿನ ಪದವೇ ಬೈಗುಳವಾಗಿಬಿಟ್ಟಿದ್ದರಿಂದ. ನಮ್ಮಲ್ಲೂ 1995ರ ಅಂಗವಿಕಲರ ಕಾಯ್ದೆಯಲ್ಲಿದ್ದ ‘ಬುದ್ಧಿಮಾಂದ್ಯತೆ’ 2016ರ ಕಾಯ್ದೆಯಲ್ಲಿ ‘ಬೌದ್ಧಿಕ ಅಸಾಮರ್ಥ್ಯ’ವಾಗಿದೆ. ಹಾಗೆಂದು ಕಾಯ್ದೆಯ ಪದವನ್ನೇ ಬೋರ್ಡಿಗೆ ಏರಿಸಬೇಡಿ. ಮನೆಯಲ್ಲಿ ಅದನ್ನು ಯಾರೂ ಆಡುವುದಿಲ್ಲ. ‘ವಿಶೇಷ ಮಕ್ಕಳು’ ಜನರ ಬಾಯಲ್ಲಿದೆ, ಆದರೆ ಹಳೆಯ ಸಂಘದಲ್ಲಿ ಆ ಮಕ್ಕಳೇ ಎಷ್ಟೋ ಮಂದಿ ಮೂವತ್ತು ದಾಟಿರುತ್ತಾರೆ. ಅಮೆರಿಕದ ಇಂಥದೇ ಪೋಷಕರ ಸಂಘ ಮೊದಲು ‘ಮಕ್ಕಳು’ ಎಂಬುದನ್ನು ‘ನಾಗರಿಕರು’ ಎಂದು ತಿದ್ದಿಕೊಂಡಿತು, 1992ರಲ್ಲಿ ಅದನ್ನೂ ಬಿಟ್ಟು ‘ದಿ ಆರ್ಕ್’ ಆಯಿತು.

‘ಕ್ಷೇಮಾಭಿವೃದ್ಧಿ’ ಎಂದರೆ ಜನರ ಮನಸ್ಸಿಗೆ ಬರುವುದು ಬಡಾವಣೆ ನಿವಾಸಿಗಳ ಸಂಘ, ಇಲ್ಲವೇ ಸವಲತ್ತು ಹಂಚುವ ಸಂಘ. ನಿಮ್ಮ ಹೊಸ ಹೆಸರಿನಲ್ಲಿ ‘ಪೋಷಕರು’, ‘ಹಕ್ಕು’ ಎರಡೂ ಇದ್ದರೆ ಅರ್ಧ ಕೆಲಸ ಮುಗಿಯಿತು. ‘ಆಯೋಗ’ದಂಥ ಪದ ಬೇಡ, ಸರ್ಕಾರಿ ಸಂಸ್ಥೆಯೆನಿಸುವ ಹೆಸರಿಗೆ 1950ರ ಲಾಂಛನ ಮತ್ತು ಹೆಸರುಗಳ ಕಾಯ್ದೆ ಅಡ್ಡ ಬರುತ್ತದೆ.

ಎರಡು ಮೂರು ಹೆಸರು ಆರಿಸಿ, ಸಂಘಕ್ಕೆ ಸಂಬಂಧವಿಲ್ಲದ ಇಪ್ಪತ್ತು ಜನರಿಗೆ ಫೋನಿನಲ್ಲಿ ಒಮ್ಮೆ ಮಾತ್ರ ಹೇಳಿ. ಆಶಾ ಕಾರ್ಯಕರ್ತೆ, ಅಂಗನವಾಡಿ ಟೀಚರ್, ಬಸ್ ಕಂಡಕ್ಟರ್ ಇಂಥವರಿರಲಿ. ‘ಇವರು ಏನು ಮಾಡ್ತಾರೆ?’, ‘ಇಲ್ಲಿ ದುಡ್ಡು ಕೊಡ್ತಾರಾ?’ ಎಂದು ಕೇಳಿ. ಮರುದಿನ ಮತ್ತೆ ಕರೆ ಮಾಡಿ ಹೆಸರು ನೆನಪಿದೆಯೇ ನೋಡಿ. ಪದಾಧಿಕಾರಿಗಳಿಗೆ ಹಿಡಿಸಿದ ಹೆಸರು ಇಲ್ಲೇ ಬಿದ್ದುಹೋಗುವುದುಂಟು, ಬೀಳಲಿ.

ಆಮೇಲೆ ಕಾಗದಪತ್ರ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಾಯಿತ ಸಂಘವಾದರೆ ಸರ್ವಸದಸ್ಯರ ಸಭೆಯಲ್ಲಿ ನಿರ್ಣಯವಾಗಬೇಕು. ಹಳೆಯ ಹೆಸರು, ಹೊಸ ಹೆಸರು ಎರಡೂ ನೋಟಿಸಿನಲ್ಲೇ ಇರಲಿ. ಇಂಗ್ಲಿಷ್ ಕಾಗುಣಿತವನ್ನೂ ಅಕ್ಷರಕ್ಷರ ನಿರ್ಣಯದಲ್ಲಿ ಬರೆಸಿ: ಪ್ಯಾನ್‌ನಲ್ಲಿ ಒಂದು ‘ಎ’, ಪಾಸ್‌ಬುಕ್ಕಿನಲ್ಲಿ ಎರಡು ‘ಎ’ ಆದರೆ ಬ್ಯಾಂಕು ತಕರಾರು ತೆಗೆಯುತ್ತದೆ. ಆಸ್ತಿ, ಸಾಲ, ಕೋರ್ಟಿನ ದಾವೆಗಳು ಹೊಸ ಹೆಸರಿನಲ್ಲಿ ಮುಂದುವರಿಯುತ್ತವೆ ಎಂಬ ಸಾಲೂ ಬೇಕು. ನಿರ್ಣಯ, ತಿದ್ದಿದ ಬೈಲಾ ಜಿಲ್ಲಾ ನೋಂದಣಾಧಿಕಾರಿಗೆ ಹೋಗಬೇಕು. ಹಿಂದಿನ ವರ್ಷಗಳ ಲೆಕ್ಕಪತ್ರ ಸಲ್ಲಿಸದೆ ಬಾಕಿಯಿದ್ದರೆ ಕಡತ ಅಲ್ಲೇ ಕೂರುತ್ತದೆ, ಅದನ್ನು ಮೊದಲು ಮುಗಿಸಿ. ಪ್ರಮಾಣಪತ್ರ ಕೈಗೆ ಬಂದ ಮೇಲೆ ಪ್ಯಾನ್, ನಂತರ ಬ್ಯಾಂಕು, ದಾನಿಗಳಿಗೆ ತೆರಿಗೆ ರಿಯಾಯಿತಿ ಕೊಡಿಸುವ 80ಜಿ ನೋಂದಣಿ, ಸ್ವಯಂಸೇವಾ ಸಂಸ್ಥೆಗಳ ವಿವರವಿರುವ ಸರ್ಕಾರದ ದರ್ಪಣ್ ಪೋರ್ಟಲ್. ಪ್ಯಾನ್ ಸಂಖ್ಯೆ ಬದಲಾಗದು, ಹೆಸರು ಮಾತ್ರ ತಿದ್ದುತ್ತಾರೆ. ವಿದೇಶಿ ದೇಣಿಗೆಯ ಎಫ್‌ಸಿಆರ್‌ಎ ನೋಂದಣಿ ಇದ್ದರೆ 45 ದಿನದೊಳಗೆ ಎಫ್‌ಸಿ-6ಎ ನಮೂನೆಯಲ್ಲಿ ತಿಳಿಸಬೇಕು.

‘ಇಷ್ಟೆಲ್ಲ ಯಾಕೆ, ಹೊಸ ಸಂಘವನ್ನೇ ಮಾಡೋಣ’ ಎಂದು ಯಾರಾದರೂ ಅಂದೇ ಅನ್ನುತ್ತಾರೆ. ದಯವಿಟ್ಟು ಒಪ್ಪಬೇಡಿ. 80ಜಿ ಮೊದಲಿನಿಂದ ಆಗಬೇಕು. ಎಫ್‌ಸಿಆರ್‌ಎ ನೋಂದಣಿಗಂತೂ ಮೂರು ವರ್ಷದ ಅಸ್ತಿತ್ವ, ಆ ಅವಧಿಯಲ್ಲಿ 15 ಲಕ್ಷ ರೂಪಾಯಿ ಖರ್ಚಿನ ಲೆಕ್ಕ ತೋರಿಸಬೇಕು.

ಪ್ರಶ್ನೆ: ನಮ್ಮ ಸಂಸ್ಥೆ ನಾಲ್ಕು ಇಂಗ್ಲಿಷ್ ಅಕ್ಷರಗಳಿಂದಲೇ ಜಿಲ್ಲೆಯಲ್ಲೆಲ್ಲ ಪರಿಚಿತ. ಅರ್ಥವಾಗುವ ಹೆಸರಿಡೋಣ ಎಂದು ಯುವ ಸದಸ್ಯರು ಹಟ ಹಿಡಿದಿದ್ದಾರೆ.
— ಓದುಗರು, ಧಾರವಾಡ

ಉತ್ತರ: ನಿಲ್ಲಿ. 1911ರಿಂದ ಕಿವುಡರಿಗಾಗಿ ದುಡಿಯುತ್ತಿರುವ ಬ್ರಿಟನ್ನಿನ ಆರ್‌ಎನ್‌ಐಡಿ, 2011ರಲ್ಲಿ ‘ಆ್ಯಕ್ಷನ್ ಆನ್ ಹಿಯರಿಂಗ್ ಲಾಸ್’ ಎಂಬ ಅರ್ಥ ಸ್ಪಷ್ಟವಿರುವ ಹೆಸರಿಟ್ಟುಕೊಂಡಿತು. 2020ರಲ್ಲಿ ಮತ್ತೆ ಆರ್‌ಎನ್‌ಐಡಿ ಆಯಿತು. ಜನ ಬಲ್ಲ ಹೆಸರನ್ನು ಬಿಡಬೇಡಿ, ಅದರ ಕೆಳಗೆ ಕೆಲಸ ಹೇಳುವ ಒಂದು ಸಾಲು ಕನ್ನಡದಲ್ಲಿ ಬರೆಸಿ. ಅದಕ್ಕೆ ನೋಂದಣಿ ಕಚೇರಿಗೆ ಹೋಗಬೇಕಿಲ್ಲ.

ಪ್ರಶ್ನೆ: ಹೆಸರು ಬದಲಾಯಿತು. ಹಳೆಯ ರಸೀದಿ ಪುಸ್ತಕ, ಬೋರ್ಡು ಏನು ಮಾಡುವುದು?

ಉತ್ತರ: ರಸೀದಿಯನ್ನು ಅಂದೇ ನಿಲ್ಲಿಸಿ, ಉಳಿದ ಹಾಳೆಗಳ ಮೇಲೆ ‘ರದ್ದು’ ಎಂದು ಬರೆದು ಲೆಕ್ಕಪರಿಶೋಧಕರಿಗಾಗಿ ತೆಗೆದಿಡಿ. ಬದಲಾವಣೆ ಏಪ್ರಿಲ್‌ನಲ್ಲಿ ಜಾರಿಯಾದರೆ ದೇಣಿಗೆಯ ವಾರ್ಷಿಕ ವಿವರ ಎರಡು ಹೆಸರಿನಲ್ಲಿ ಹರಿದುಹೋಗದು. ಬೋರ್ಡಿನಲ್ಲಿ, ಪತ್ರದ ತಲೆಬರಹದಲ್ಲಿ ‘ಹಿಂದಿನ ಹೆಸರು’ ಎಂದು ಚಿಕ್ಕದಾಗಿ ಎರಡು ವರ್ಷವಾದರೂ ಇರಲಿ. ಹಳೆಯ ಮನವಿಗಳಿಗೆ ಇಲಾಖೆಯ ಉತ್ತರ ಬರುವುದು ಆ ಹೆಸರಿಗೇ.