ಪಾರಿಜಾತ ಎತ್ತರಕ್ಕೆ ಬೆಳೆದರೂ ಹೂ ಬಿಡದಿರುವುದೇಕೆ?

ಕಾಸರಗೋಡು ಜಿಲ್ಲೆಯ ಬದಿಯಡ್ಕದ ಕಡೆಯ ತಮ್ಮ ಮನೆಯಲ್ಲಿ ಅಡಿಕೆ ತೋಟದ ಅಂಚಿಗೆ ನೆಟ್ಟ ಪಾರಿಜಾತವು ಆಳೆತ್ತರ ಮೀರಿ ಬೆಳೆದಿದ್ದರೂ, ವರ್ಷವೂ ಹಟ್ಟಿಗೊಬ್ಬರ ಹಾಕುತ್ತಿದ್ದರೂ ಹೂ ಬಿಡುವುದು ತೀರಾ ಕಡಿಮೆ ಎಂದು ತಾವು ಬರೆದಿದ್ದೀರಿ. ಕುಂಬಳೆಯ ಸಮೀಪ ಇಂಥದ್ದೇ ಮುರಕಲ್ಲು (ಜಂಬಿಟ್ಟಿಗೆ) ನೆಲದಲ್ಲಿ ಈ ಗಿಡವನ್ನು ಬೆಳೆಸುತ್ತಿರುವ ನನಗೆ, ತಾವು ಕೊಟ್ಟ ವಿವರಗಳನ್ನು ಓದಿದಾಗ ಗೊಬ್ಬರ ಸಾಕಷ್ಟಾಗಿದೆ, ಬಿಸಿಲು ಸಾಲದು ಎಂದೇ ತೋರುತ್ತದೆ.

ಪಾರಿಜಾತವು ನೆರಳಿನಲ್ಲಿ ಸಾಯುವುದಿಲ್ಲವಾದರೂ ಬೆಳಕನ್ನು ಅರಸುತ್ತ ಸಪೂರವಾಗಿ ಮೇಲಕ್ಕೇರುತ್ತದೆ, ಅದಕ್ಕೆ ಗೊಬ್ಬರವೂ ಹೆಚ್ಚಾದರೆ ಬರೀ ಸೊಪ್ಪು ಬೆಳೆಯುತ್ತದೆ. ದಿನಕ್ಕೆ ಐದಾರು ಗಂಟೆಯಾದರೂ ನೇರ ಬಿಸಿಲು ತಾಗುವಂತೆ ಸುತ್ತಲಿನ ಕೊಂಬೆಗಳನ್ನು ಬಿಡಿಸಿಕೊಡಿ. ಹಟ್ಟಿಗೊಬ್ಬರವನ್ನು ಈ ವರ್ಷ ನಿಲ್ಲಿಸಿ, ಮಳೆಗಾಲದ ಆರಂಭದಲ್ಲಿ ಒಂದು ಬುಟ್ಟಿ ಸುಡುಮಣ್ಣು (ತರಗೆಲೆಯೊಂದಿಗೆ ಸುಟ್ಟ ಮಣ್ಣು) ಹಾಕಿದರೆ ಸಾಕು.

ಇನ್ನು ಮುಖ್ಯವಾದದ್ದು ಸವರುವಿಕೆ. ಪಾರಿಜಾತದ ಹೂಗೊಂಚಲು ಮೂಡುವುದು ಆಯಾ ವರ್ಷ ಚಿಗುರಿದ ಎಳೆಯ ಕೊಂಬೆಗಳ ತುದಿಯಲ್ಲಿ ಮತ್ತು ತುದಿಗೆ ಹತ್ತಿರದ ಎಲೆಗಳ ಕಂಕುಳಲ್ಲಿ. ಅಂಥ ಕೊಂಬೆಯನ್ನು ಬೆರಳುಗಳ ನಡುವೆ ಹೊರಳಿಸಿದರೆ ಅದರ ನಾಲ್ಕು ಏಣುಗಳು ಕೈಗೆ ಸ್ಪಷ್ಟವಾಗಿ ತಾಗುತ್ತವೆ. ಬಲಿತ ಕೊಂಬೆಯಾದರೋ ದುಂಡಗಾಗಿ ಬೂದುಬಣ್ಣಕ್ಕೆ ತಿರುಗಿರುತ್ತದೆ. ಚೌಕದ ಎಳೆ ಕೊಂಬೆಗಳು ಹೆಚ್ಚಾದಷ್ಟೂ ಹೂ ಹೆಚ್ಚು. ಆದ್ದರಿಂದ ಚಪ್ಪಟೆ ಕಾಯಿಗಳು ಒಣಗಿ, ಎಲೆಯೂ ಉದುರತೊಡಗುವ ಫೆಬ್ರವರಿ–ಮಾರ್ಚ್ ಹೊತ್ತಿಗೆ ಪ್ರತಿ ಕೊಂಬೆಯ ಮೂರನೆಯ ಒಂದು ಭಾಗವನ್ನು ಹರಿತವಾದ ಕತ್ತರಿಯಿಂದ, ಗಿಣ್ಣಿನ ಸ್ವಲ್ಪ ಮೇಲೆ ತೆಗೆಯಿರಿ. ಈ ಗಿಡದ ಎಲೆಗಳು ಎದುರುಬದುರಾಗಿರುವುದರಿಂದ ಕತ್ತರಿಸಿದ ಒಂದೊಂದು ಗಿಣ್ಣಿನಲ್ಲೂ ಸಾಮಾನ್ಯವಾಗಿ ಎರಡು ಚಿಗುರು ಬರುತ್ತದೆ. ನಮ್ಮಲ್ಲಿ ಬೇಲಿ ಸವರುವಾಗ ಜೂನ್, ಜುಲೈಯಲ್ಲಿ ಪಾರಿಜಾತಕ್ಕೂ ಕತ್ತಿ ಹಾಕುವ ರೂಢಿಯಿದೆ. ಸೋಣ ತಿಂಗಳ (ಆಗಸ್ಟ್–ಸೆಪ್ಟೆಂಬರ್) ಹೊಸ್ತಿಲ ಪೂಜೆಗೆ ಒದಗಬೇಕಾದ ಹೂವನ್ನು ಮೊಗ್ಗಿಗೂ ಮೊದಲೇ ಕಡಿದಂತಾಗುವುದರಿಂದ ದಯವಿಟ್ಟು ಹಾಗೆ ಮಾಡಬೇಡಿ.

ವರ್ಷಕ್ಕೆ 3000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಕಾಸರಗೋಡಿನಲ್ಲಿ ಬುಡದಲ್ಲಿ ನೀರು ನಿಂತರೆ ಬೇರು ಕೊಳೆಯುತ್ತದೆ. ಮುರಕಲ್ಲಿನಲ್ಲಿ ತೋಡಿದ ಗುಂಡಿಯಂತೂ ಕೆಲವೊಮ್ಮೆ ತೊಟ್ಟಿಯಂತೆ ನೀರು ಹಿಡಿದಿಡುತ್ತದೆ, ಆದ್ದರಿಂದ ಬುಡಕ್ಕೆ ಮಣ್ಣು ಏರಿಸಿ, ನೀರು ಹರಿದುಹೋಗಲು ಸಣ್ಣ ಕಣಿ ಮಾಡಿಡಿ. ಬೇಸಗೆಯಲ್ಲಿ ಒಣ ಸೋಗೆ ಹೊದೆಸಿ, ವಾರಕ್ಕೆರಡು ಬಾರಿ ನೀರುಣಿಸಿದರಾಯಿತು. ಕಂಬಳಿಹುಳ ಬಂದಲ್ಲಿ ಆ ಎಲೆಗಳನ್ನೇ ಚಿವುಟಿ ತೆಗೆಯಿರಿ. ಜ್ವರದ ಕಷಾಯಕ್ಕೆ ಎಲೆ ಕೊಯ್ಯುವವರಿರುವ ಮನೆಯಲ್ಲಿ ವಿಷ ಸಿಂಪಡಿಸುವುದು ನನಗೆ ಸರಿಕಾಣುವುದಿಲ್ಲ.

ಅಡಿಕೆಯ ನೆರಳು ತಪ್ಪಿಸಲಾಗದಿದ್ದರೆ, ದೊಡ್ಡ ಗಿಡವನ್ನು ಕಿತ್ತು ನೆಡುವ ಸಾಹಸ ಬೇಡ. ಸವರಿದಾಗ ಸಿಕ್ಕ ಕಾಯಿಗಳ ಬೀಜವನ್ನು ಕಾಯ್ದಿರಿಸಿ ಮೊದಲ ಮಳೆಗೆ ಬಿತ್ತಿ, ಅಂಗಳದ ಮೂಡು ಬದಿಯಲ್ಲಿ ಹೊಸ ಗಿಡ ಮಾಡಿಕೊಳ್ಳಿ. ಅದು ಹೂವಿಗೆ ಬರಲು ಎರಡು ಮೂರು ವರ್ಷ ಬೇಕಾದೀತು.