ಸಂಪಾದಕರ ಉತ್ತರ: ಕೂಸಿಗೆ ಕೂದ್ಲಿಲ್ಲದ ಬೆಕ್ಕೇ ಬೇಕಂತೆ

ತಂಗೀ, ಹೆಸರು ಹಾಕ್ಬೇಡಿ ಅಂತ ಬರ್ದಿದ್ರಿ, ಅದ್ಕೇ ತಂಗಿ ಅಂತ್ಲೇ ಕರೀತೇನೆ. ಪತ್ರ ನೋಡದ ಓದುಗರಿಗೆ ಚುಟುಕಾಗಿ ಹೇಳ್ಬಿಡ್ತೇನೆ. ಇವ್ರದ್ದು ಸಿರ್ಸಿಯಿಂದ ಸ್ವಲ್ಪ ಒಳಗೆ ಅಡಕೆ ತೋಟದ ಮನೆ, ಒಂಬತ್ತನೇ ಕ್ಲಾಸಿನ ಕೂಸು ಮೊಬೈಲಲ್ಲಿ ನೋಡಿ ನೋಡಿ ಸ್ಫಿಂಕ್ಸ್ ಅನ್ನೋ ಕೂದ್ಲಿಲ್ಲದ ಬೆಕ್ಕಿನ ಮರಿನೇ ಬೇಕು ಅಂತ ಹಟ ಹಿಡ್ದಿದೆ, ಯಜಮಾನ್ರಿಗೆ ಬೆಕ್ಕು ಹತ್ರ ಬಂದ್ರೆ ಸೀನು, ಕಣ್ಣು ತುರಿಕೆ, ಮಳೆಗಾಲದಲ್ಲಿ ಉಬ್ಬಸ ಬೇರೆ. ಕೂದ್ಲೇ ಇಲ್ದಿದ್ರೆ ಆ ತೊಂದ್ರೆ ಇರೋದಿಲ್ವಲ್ಲ, ತರ್ಬಹುದಾ, ಅದು ಸಿಗ್ದಿದ್ರೆ ಕಿವಿ ಮಡಚಿರೋ ಸ್ಕಾಟಿಷ್ ಫೋಲ್ಡ್ ಬೆಕ್ಕು ಆದೀತಾ, ಆನ್‌ಲೈನಲ್ಲಿ ಒಬ್ರು ಅಡ್ವಾನ್ಸ್ ಕೇಳ್ತಿದ್ದಾರೆ ಕೊಡ್ಲಾ ಅಂತ ಕೇಳಿದ್ದಾರೆ.

ಅಡ್ವಾನ್ಸ್ ಮಾತ್ರ ಈಗ ಕಳಿಸ್ಬೇಡಿ. ಉಳಿದದ್ದು ಒಂದೊಂದಾಗಿ ಮಾತಾಡೋಣ.

ಮೊದ್ಲು ಯಜಮಾನ್ರ ಸೀನಿನ ವಿಷ್ಯ, ಯಾಕಂದ್ರೆ ನಿಮ್ಮ ಇಡೀ ಲೆಕ್ಕ ಅದ್ರ ಮೇಲೆ ನಿಂತಿದೆ. ಬೆಕ್ಕಿನ ಅಲರ್ಜಿ ಕೂದ್ಲಿಂದ ಬರೋದಲ್ಲ. ಫೆಲ್ ಡಿ 1 ಅಂತ ಒಂದು ಪ್ರೋಟೀನ್ ಇದೆ, ಅದು ಬೆಕ್ಕಿನ ಜೊಲ್ಲಲ್ಲಿ ಇರ್ತದೆ, ಚರ್ಮದ ಜಿಡ್ಡಿನ ಗ್ರಂಥಿಯಲ್ಲೂ ಇರ್ತದೆ, ಬೆಕ್ಕು ಮೈ ನೆಕ್ಕಿಕೊಂಡಾಗ ಮೈಯೆಲ್ಲಾ ಹತ್ತಿ ಒಣಗಿ ಪುಡಿಯಾಗಿ ಗಾಳಿಗೆ ಸೇರ್ತದೆ. ಕೂದ್ಲು ಅದನ್ನ ಹೊತ್ಕೊಂಡು ತಿರುಗೋ ಗಾಡಿ ಅಷ್ಟೆ. ಸ್ಫಿಂಕ್ಸ್ ಕೂಡ ನೆಕ್ಕಿಕೊಳ್ತದೆ, ಅದಕ್ಕೂ ಜೊಲ್ಲಿದೆ, ಜಿಡ್ಡಂತೂ ಎದ್ದು ಕಾಣ್ತದೆ. ಕೆಲವ್ರಿಗೆ ತಡ್ಕೊಳ್ಳೋಕಾಗ್ತದೆ, ಕೆಲವ್ರಿಗೆ ಮಾಮೂಲಿ ಬೆಕ್ಕಿನಷ್ಟೇ ತ್ರಾಸು, ಯಾರಿಗೆ ಹ್ಯಾಗೆ ಅಂತ ಮೊದ್ಲೇ ಹೇಳೋಕೆ ಬರೋದಿಲ್ಲ. ಹಾಗಾಗಿ ದೊಡ್ಡ ಸ್ಫಿಂಕ್ಸ್ ಇರೋ ಮನೆಗೆ ಯಜಮಾನ್ರನ್ನ ಕರ್ಕೊಂಡು ಹೋಗಿ ಎರಡು ಮೂರು ತಾಸು ಕೂತ್ಕೊಳ್ಳಿ, ಬೇರೆ ದಿನ ಮತ್ತೊಮ್ಮೆ ಹೋಗಿ, ಮುಟ್ಲಿ, ಮಡ್ಲಲ್ಲಿ ಕೂರಿಸ್ಕೊಳ್ಳಲಿ. ಅವ್ರಿಗೆ ಉಬ್ಬಸ ಇರೋದ್ರಿಂದ ಅದಕ್ಕೂ ಮೊದ್ಲು ಅವ್ರ ಡಾಕ್ಟ್ರನ್ನ ಕೇಳಿ, ಇದು ಮರ್ಯಾದೆಗೆ ಹೇಳೋ ಮಾತಲ್ಲ. ಮರಿ ತಂದು ಆರು ತಿಂಗ್ಳಿಗೆ ಯಾರಿಗೋ ಕೊಟ್ಬಿಡೋ ಪರಿಸ್ಥಿತಿ ಬಂದ್ರೆ ಕೂಸೂ ಅಳ್ತದೆ, ಮರಿಯೂ ಹಾಳಾಗ್ತದೆ.

ಬೆಂಗಳೂರಲ್ಲಿ ನಮ್ಮ ಪರಿಚಯದವ್ರ ಮನೇಲಿ ಒಂದು ಸ್ಫಿಂಕ್ಸ್ ಇದೆ, ಹೋದಾಗೆಲ್ಲ ನನ್ನ ಮಡ್ಲಿಗೇ ಬಂದು ಕೂರ್ತದೆ. ಮುಟ್ಟಿದ್ರೆ ಈಗಷ್ಟೇ ಕಾವಲಿಯಿಂದ ತೆಗ್ದ ಚಪಾತಿ ಹಾಗೆ ಬಿಸಿ, ಮೆತ್ತಗೆ, ಪೂರ್ತಿ ಬೋಳೂ ಅಲ್ಲ, ಬೆನ್ನ ಮೇಲೆ ಬೆರಳಾಡಿಸಿದ್ರೆ ಸಣ್ಣ ನವಿರು ಸಿಗ್ತದೆ. ಬಹಳ ಪ್ರೀತಿಯ ಬೆಕ್ಕು, ಮನುಷ್ಯರನ್ನ ಬಿಟ್ಟಿರೋದೇ ಇಲ್ಲ. ಆದ್ರೆ ಅದು ಮಲಗೋ ಬಿಳೀ ದಿಂಬಿನ ಮೇಲೆ ಕಂದು ಬಣ್ಣದ ಕಲೆ, ಸಾಸಿವೆ ಡಬ್ಬಿ ಮುಚ್ಚಳದ ಅಂಚಲ್ಲಿ ಹಿಡಿತದಲ್ಲ ಆ ಥರದ ಜಿಡ್ಡು. ಬೇರೆ ಬೆಕ್ಕಿಗೆ ಚರ್ಮದ ಎಣ್ಣೆಯನ್ನ ಕೂದ್ಲು ಹೀರ್ಕೊಳ್ತದೆ, ಇದಕ್ಕೆ ಹೀರೋಕೆ ಏನೂ ಇಲ್ಲ. ಸುಮಾರು ವಾರಕ್ಕೊಮ್ಮೆ ಸ್ನಾನ ಮಾಡಿಸ್ಬೇಕು, ಒರೆಸಿ ಪೂರ್ತಿ ಒಣಗಿಸ್ಬೇಕು, ಉಗುರಿನ ಬುಡದಲ್ಲಿ ಕರೀ ಕೊಳೆ ಕೂರ್ತದೆ ಅದನ್ನ ತೆಗೀಬೇಕು, ಕಿವಿಯೊಳಗೂ ಕೂದ್ಲಿಲ್ಲದ್ರಿಂದ ಮೇಣ ತುಂಬ್ತದೆ. ಆ ಮನೆಯಾಕೆ ನನ್ನೆದುರಿಗೇ ಕಿವಿ ಒರೆಸಿದ ಹತ್ತಿ ಕಾಫಿ ಗಸಿ ಬಣ್ಣಕ್ಕೆ ತಿರುಗಿತ್ತು, ಅದೂ ಹಿಂದಿನ ವಾರವಷ್ಟೇ ಕ್ಲೀನ್ ಮಾಡಿದ್ದಂತೆ. ಇದು ಬೆಕ್ಕು ಬದುಕಿರೋವರೆಗೂ ನಡೀಬೇಕಾದ ಕೆಲ್ಸ ತಂಗೀ, ಕೂಸು ಕಾಲೇಜಿಗೆ ಅಂತ ಧಾರವಾಡಕ್ಕೋ ಮಂಗ್ಳೂರಿಗೋ ಹೋದ್ಮೇಲೆ ಹತ್ತಿ ಹಿಡಿಯೋದು ನೀವೇ.

ಈಗ ನಿಮ್ಮ ಮನೆಗೆ ಬರೋಣ. ನಮ್ಮ ಕಡೆ ಬೆಕ್ಕು ಬಚ್ಚಲ ಒಲೆ ಬೂದಿಯಲ್ಲಿ ಮುದುಡಿ ಮಲಗ್ತದೆ, ನಿಮ್ಮಲ್ಲೂ ಹಾಗೇ ಇರ್ಬೇಕು. ಕೂದ್ಲಿಲ್ಲದ ಬೆಕ್ಕು ಇನ್ನೂ ಜಾಸ್ತಿ ಬಿಸಿ ಹುಡುಕ್ತದೆ, ಚಳಿ ತಡ್ಕೊಳ್ಳೋದಿಲ್ಲ, ಒಲೆ ಬಾಯಿಗೆ ಅಂಟಿ ಮಲಗಿದ್ರೆ ನೇರ ಚರ್ಮವೇ ಸುಡ್ತದೆ, ಅಡಕೆ ಬೇಯಿಸೋ ದಿನಗಳಲ್ಲಂತೂ ಹೆದ್ರಿಕೆಯೇ. ಅಂಗಳದ ಬಿಸ್ಲಲ್ಲಿ ಬಿಟ್ರೆ ಚರ್ಮ ಕೆಂಪಾಗಿ ಸುಲೀತದೆ. ಮಳೆಗಾಲದ ನಾಲ್ಕು ತಿಂಗ್ಳು ಬಟ್ಟೆನೇ ಒಣಗೋದಿಲ್ಲ ನಮ್ಗೆ, ಆ ಥಂಡಿಯಲ್ಲಿ ಚರ್ಮದ ಮಡಿಕೆ ಒದ್ದೆ ಉಳಿದ್ರೆ ಫಂಗಸ್ ಹಿಡಿಯೋಕೆ ಎಷ್ಟು ಹೊತ್ತು. ಇನ್ನು ತೋಟಕ್ಕೆ ಬಿಡೋ ಮಾತೇ ಇಲ್ಲ, ಪೂರ್ತಿ ಮನೆಯೊಳಗೇ ಸಾಕೋ ಬೆಕ್ಕು ಅದು, ನಮ್ಮ ಜಗಲಿ ಹಿತ್ತಲು ಬಾಗಿಲೆಲ್ಲ ದಿನವಿಡೀ ತೆರೆದೇ ಇರೋ ಮನೆಗಳಲ್ಲಿ ಅದು ಎಷ್ಟು ಕಷ್ಟ ಅಂತ ನಿಮ್ಗೇ ಗೊತ್ತು. ಚರ್ಮ ಒಣಗಿದ ಹಾಗೆ ಕಂಡ್ರೆ ತೆಂಗಿನೆಣ್ಣೆ ಹಚ್ಚೋದು ನಮ್ಮ ಕೈಗೆ ಬಂದ ಅಭ್ಯಾಸ, ದಯವಿಟ್ಟು ಹಚ್ಬೇಡಿ, ಇರೋ ಜಿಡ್ಡೇ ಹೆಚ್ಚಾಗಿದೆ. ಮತ್ತೆ ನಾಯಿಗೆ ಉಣುಗಿಗೆ ಅಂತ ಬಿಡೋ ಡ್ರಾಪ್ಸ್ ಮನೇಲಿದ್ರೆ ಹೆಸರು ಓದಿ ನೋಡಿ, ಪರ್ಮೆಥ್ರಿನ್ ಅಂತಿದ್ರೆ ಅದು ಬೆಕ್ಕಿಗೆ ವಿಷ, ಯಾವ ಜಾತಿ ಬೆಕ್ಕಾದ್ರೂ ಸರಿ, ನಡುಕ ಬಂದು ಸಾಯ್ತದೆ. ಜ್ವರಕ್ಕೆ ಅಂತ ಪ್ಯಾರಾಸಿಟಮಾಲ್ ಚೂರು ಹಾಕೋದೂ ಅಷ್ಟೇ ಅಪಾಯ.

ಈ ಬೆಕ್ಕು ಈಜಿಪ್ಟಿಂದು ಅಂತ ಕೂಸು ಹೇಳಿದ್ಯಂತೆ. ಹೆಸ್ರು ಮಾತ್ರ ಈಜಿಪ್ಟಿಂದು, ಹುಟ್ಟಿದ್ದು ಕೆನಡಾದಲ್ಲಿ, 1966ರಲ್ಲಿ ಟೊರೊಂಟೊದಲ್ಲಿ ಮಾಮೂಲಿ ಬೆಕ್ಕಿಗೆ ಕೂದ್ಲಿಲ್ಲದ ಒಂದು ಮರಿ ಆಯ್ತು, ಜೀನ್‌ನಲ್ಲಿ ಆದ ಬದಲಾವಣೆ ಅದು. ಆಮೇಲೆ 70ರ ದಶಕದಲ್ಲಿ ಅಮೆರಿಕದ ಮಿನೆಸೋಟಾದಲ್ಲೂ ಟೊರೊಂಟೊದಲ್ಲೂ ಸಿಕ್ಕ ಕೆಲವೇ ಮರಿಗಳಿಂದ ಈಗಿನ ತಳಿ ಬೆಳ್ಸಿದ್ರು. ಬುಡ ಇಷ್ಟು ಸಣ್ಣದಿದ್ರೆ ವಂಶದಲ್ಲಿರೋ ಕಾಯಿಲೆಯೂ ಜೊತೆಗೇ ಇಳ್ಕೊಂಡು ಬರ್ತದೆ. ಸ್ಫಿಂಕ್ಸಿಗೆ ಮುಖ್ಯವಾದದ್ದು ಹೃದಯದ ಗೋಡೆ ದಪ್ಪಗಾಗೋ ಕಾಯಿಲೆ, ಹೈಪರ್‌ಟ್ರೋಫಿಕ್ ಕಾರ್ಡಿಯೋಮಯೋಪತಿ. ಮೇಯ್ನ್ ಕೂನ್, ರ‍್ಯಾಗ್‌ಡಾಲ್ ತಳಿಗಳಲ್ಲೂ ಇದೆ. ಆಡ್ತಾ ಇದ್ದ ಬೆಕ್ಕು ಒಂದಿನ ಉಸಿರು ಸಿಕ್ಕದೆ ಬಿದ್ಬಿಡ್ತದೆ, ಇಲ್ಲ ರಕ್ತ ಹೆಪ್ಪುಗಟ್ಟಿ ಹಿಂಗಾಲೆರಡೂ ಬಿದ್ದು ಹೋಗ್ತವೆ. ಮರಿಯಲ್ಲಿ ಗೊತ್ತಾಗೋದಿಲ್ಲ, ಅದ್ಕೇ ಅಪ್ಪ ಅಮ್ಮ ಬೆಕ್ಕಿನ ಎಕೋ, ಅಂದ್ರೆ ಹೃದಯದ ಸ್ಕ್ಯಾನ್ ರಿಪೋರ್ಟ್ ಕೇಳೋದು, ಅದೂ ಇತ್ತೀಚಿನದ್ದು. ಒಮ್ಮೆ ಸರಿ ಬಂದ್ರೆ ಜೀವಮಾನಕ್ಕೆ ಸರಿ ಅಂತಲ್ಲ. ಅಡ್ವಾನ್ಸ್ ಕೇಳಿದವ್ರಿಗೆ ಇದೊಂದೇ ಪ್ರಶ್ನೆ ಕೇಳಿ ನೋಡಿ, ಉತ್ತರ ಬರೋ ರೀತಿಯಲ್ಲೇ ನಿಮ್ಗೆ ಅರ್ಧ ತಿಳೀತದೆ.

ಸ್ಕಾಟಿಷ್ ಫೋಲ್ಡ್ ಬೇಡ. ಆ ಕಿವಿ ಮಡಚಿರೋದು ಮೆಲುಮೂಳೆ ಸರಿಯಾಗಿ ಬೆಳೀದೇ ಇರೋದ್ರಿಂದ, ಮತ್ತೆ ಆ ದೋಷ ಕಿವಿಗಷ್ಟೇ ನಿಲ್ಲೋದಿಲ್ಲ, ಕಾಲು, ಬಾಲದ ಕೀಲುಗಳಲ್ಲೂ ಇರ್ತದೆ, ಕೆಲವಕ್ಕೆ ಕಮ್ಮಿ ಕೆಲವಕ್ಕೆ ಜಾಸ್ತಿ. ಫೋಟೋದಲ್ಲಿ ಮನುಷ್ಯರ ಹಾಗೆ ಕಾಲು ಚಾಚಿ ಕೂತದ್ದು ಮುದ್ದಾಗಿ ಕಾಣ್ತದೆ, ಎಷ್ಟೋ ಸಲ ಅದು ಕೀಲು ನೋವಿಗೆ ಹಾಗೆ ಕೂತಿರ್ತದೆ. ನೆದರ್ಲೆಂಡ್ಸ್‌ನಲ್ಲಿ ಈ ತಳಿ ಮರಿ ಮಾಡಿಸೋದನ್ನೇ ನಿಷೇಧ ಮಾಡಿದ್ದಾರೆ.

ಅಡ್ವಾನ್ಸ್ ಬೇಡ ಅಂದದ್ದಕ್ಕೆ ಕಾರಣ ನಮ್ಮ ಮನೆಯದ್ದೇ. ಕಾರವಾರದಲ್ಲಿರೋ ನನ್ನ ತಂಗಿ ಹೀಗೇ ಫೋಟೋ ನೋಡಿ ದುಡ್ಡು ಹಾಕಿ ಪರ್ಷಿಯನ್ ಮರಿ ತರಿಸಿದ್ಲು, ರಾತ್ರಿ ಬಸ್ಸಲ್ಲಿ ರಟ್ಟಿನ ಬಾಕ್ಸಲ್ಲಿ ಬಂತು, ಮೂರು ತಿಂಗ್ಳ ಮರಿ ಅಂದಿದ್ರು, ಹಲ್ಲು ನೋಡಿದ ಪಶುವೈದ್ಯರು ಆರು ವಾರನೂ ಆಗಿಲ್ಲ ಅಂದ್ರು. ಕಿವಿ ಹಿಂದೆ ಒಂದು ರುಪಾಯಿ ಅಗಲಕ್ಕೆ ಕೂದ್ಲು ಉದುರಿತ್ತು, ಹುಳುಕಡ್ಡಿ. ಕಾರವಾರದ ಸೆಕೆಗೆ ಬೆವರಿಗೆ ಅದು ಮಕ್ಕಳ ಕುತ್ತಿಗೆಗೆ, ಅತ್ತೆಯವ್ರ ಕೈಗೆ, ಎಲ್ರಿಗೂ ಹತ್ತಿ ಎರಡು ತಿಂಗ್ಳು ಮುಲಾಮು ಹಚ್ಚಿದ್ರು. ಮರಿ ಉಳೀಲಿಲ್ಲ. ಮಾರಿದವ್ರು ಫೋನೇ ಎತ್ಲಿಲ್ಲ. ಅವತ್ತು ತಂಗಿ ಮಗ ಆ ಖಾಲಿ ಬಾಕ್ಸ್ ಬಿಸಾಕೋಕೆ ಬಿಡದೆ ತಬ್ಕೊಂಡು ಕೂತಿದ್ದ, ನಂಗೆ ಈಗ್ಲೂ ಕಣ್ಣಿಗೆ ಕಟ್ಟಿದ ಹಾಗಿದೆ.

ಹಾಗಾಗಿ ತರೋದೇ ಆದ್ರೆ ನೀವೇ ಹೋಗಿ, ತಾಯಿ ಜೊತೆ ಮರಿ ಇರೋವಾಗ ನೋಡಿ. 12 ವಾರ ತುಂಬದ ಮರಿ ಬೇಡ. ಹುಟ್ಟಿ 6-8 ವಾರಕ್ಕೆ ಶುರುವಾಗೋ ಲಸಿಕೆ ಬಿದ್ದಿರ್ಬೇಕು, ಅದು ಸುಮಾರು 16 ವಾರದವರೆಗೆ ಮುಂದುವರೀತದೆ, ರೇಬೀಸ್ ಲಸಿಕೆ 12 ವಾರಕ್ಕೆ. ಕಣ್ಣು ಮೂಗು ಸೋರ್ತಿರಬಾರ್ದು, ಬಾಲದ ಕೆಳಗೆ ಒಣಗಿರ್ಬೇಕು, ಕೈ ಚಾಚಿದ್ರೆ ಮೂಲೆಗೆ ಓಡದೆ ಮೂಸೋಕೆ ಬರ್ಬೇಕು. ತಾಯಿ ತೋರ್ಸೋದಿಲ್ಲ ಅಂದ್ರೆ ಎದ್ದು ಬನ್ನಿ, ಕೂಸು ಅತ್ರೂ ಸರಿ.

ಪತ್ರದ ಕೊನೇಲಿ ಒಂದು ಸಾಲು ಬರ್ದಿದ್ರಿ, ತೋಟದ ಕೆಲ್ಸಕ್ಕೆ ಬರೋರು ಕಾಡಲ್ಲಿ ಚುಕ್ಕೆ ಚುಕ್ಕೆ ಮರಿ ಸಿಕ್ರೆ ತಂದ್ಕೊಡ್ತೇನೆ ಅಂದ್ರು ಅಂತ. ಅದು ಮಾತ್ರ ಖಂಡಿತ ಬೇಡ. ನಮ್ಮ ಘಟ್ಟದ ಕಾಡಲ್ಲಿ ಚಿರತೆ ಬೆಕ್ಕು ಇದೆ, ಪೇಟೆಯಲ್ಲಿ ಮಾರೋ ಬೆಂಗಾಲ್ ತಳಿ ಅದರ ಜಾತಿಗೂ ಮನೆ ಬೆಕ್ಕಿಗೂ ಕೂಡಿಸಿ ಮಾಡಿದ್ದು, ಅದು ಬೇರೆ, ಕಾಡಿಂದು ಬೇರೆ. 1972ರ ವನ್ಯಜೀವಿ ಕಾಯ್ದೆ ಪ್ರಕಾರ ಕಾಡಿನ ಮರಿ ಹಿಡಿಯೋದೂ ಸಾಕೋದೂ ಅಪರಾಧ. ತಾಯಿ ಬೇಟೆಗೆ ಹೋಗಿರ್ತದೆ, ವಾಪಸ್ ಬರ್ತದೆ. ಮರಿ ಕಂಡ್ರೆ ಮುಟ್ಟದೆ ಅರಣ್ಯ ಇಲಾಖೆಯವ್ರಿಗೆ ತಿಳಿಸಿ.

ಕೂಸಿನ ಆಸೆ ಮುರಿಯೋದು ನಂಗೂ ಇಷ್ಟ ಇಲ್ಲ. ನಿಮ್ಮ ಕೊಟ್ಟಿಗೆ ಅಟ್ಟದ ಮೇಲೆ ಊರ ಬೆಕ್ಕು ಮರಿ ಹಾಕಿದೆ ಅಂತ ಬರ್ದಿದ್ರಲ್ಲ, ಒಂದು ಮರಿಯ ಪೂರ್ತಿ ಜವಾಬ್ದಾರಿ ಕೂಸಿಗೆ ಕೊಡಿ, ಕೊಟ್ಟಿಗೆ ಕಡೇನೇ ಇರ್ಲಿ, ಯಜಮಾನ್ರ ಕೋಣೆಗೆ ಬರೋದು ಬೇಡ. ವಾರಕ್ಕೊಮ್ಮೆ ಕಿವಿ ನೋಡೋದು, ಉಗುರು ನೋಡೋದು, ತಕ್ಕಡಿಯಲ್ಲಿಟ್ಟು ತೂಕ ಬರ್ಕೊಳ್ಳೋದು, ಪೇಟೆ ಪಶು ಆಸ್ಪತ್ರೆಗೆ ಲಸಿಕೆಗೆ ತಾನೇ ಬುಟ್ಟಿಯಲ್ಲಿ ಎತ್ಕೊಂಡು ಹೋಗೋದು. ದೀಪಾವಳಿವರೆಗೆ ಒಂದು ವಾರನೂ ತಪ್ಪದೆ ಮಾಡಿದ್ರೆ ಆ ನೋಟ್‌ಬುಕ್ಕಿನ ಫೋಟೋ ನಂಗೆ ಕಳಿಸ್ಲಿ, ಬೆಂಗಳೂರಿನ ಆ ಮನೆಯವ್ರ ಹತ್ರ ಮಾತಾಡಿ ನೀವು ಮೂರೂ ಜನ ಹೋಗಿ ಸ್ಫಿಂಕ್ಸ್ ನೋಡ್ಕೊಂಡು ಬರೋ ವ್ಯವಸ್ಥೆ ನಾನೇ ಮಾಡ್ತೇನೆ. ಅಟ್ಟದ ತಾಯಿ ಬೆಕ್ಕಿಗೆ ಈ ಮರಿಗಳು ಹಾಲು ಬಿಟ್ಟ ಕೂಡ್ಲೇ ಆಪರೇಷನ್ ಮಾಡಿಸ್ಬಿಡಿ, ಪಾಪ, ವರ್ಷಕ್ಕೆ ಮೂರು ಸಲ ಮರಿ ಹಾಕಿ ಸೊರಗಿದೆ ಅಂತ ನೀವೇ ಬರ್ದಿದ್ರಿ.