ಡ್ರೆಡ್‌ನಾಟ್ ಯುದ್ಧ ಮಾಡಲೇ ಇಲ್ವಾ?

ಪ್ರಶ್ನೆ: ಬ್ರಿಟನ್ನಿನ ಡ್ರೆಡ್‌ನಾಟ್ ಹಡಗು ಅಷ್ಟು ಹೆಸರುವಾಸಿ. ಆದರೆ ಮೊದಲ ಮಹಾಯುದ್ಧದಲ್ಲಿ ಅದು ಏನೂ ಮಾಡಲಿಲ್ಲ ಅಂತಾರೆ. ನಿಜವೇ?

ಉತ್ತರ: ಪೂರ್ತಿ ನಿಜ ಅಲ್ಲ. ಮೊದಲು ಹೆಸರು ಯಾಕೆ ಬಂತು ನೋಡಿ. ಅದುವರೆಗಿನ ಯುದ್ಧನೌಕೆಗಳಲ್ಲಿ ಸಾಮಾನ್ಯವಾಗಿ ನಾಲ್ಕು ದೊಡ್ಡ ಫಿರಂಗಿಗಳು ಇರುತ್ತಿದ್ದವು, ಜೊತೆಗೆ ಬೇರೆ ಬೇರೆ ಅಳತೆಯ ಚಿಕ್ಕವು. ಇದರಲ್ಲಿ 12 ಇಂಚಿನ ಫಿರಂಗಿಗಳೇ ಹತ್ತು. ಮೇಲಾಗಿ ಸ್ಟೀಮ್ ಟರ್ಬೈನ್ (ಹಬೆಯಿಂದ ತಿರುಗುವ ಎಂಜಿನ್), 21 ನಾಟ್ ವೇಗ, ಅಂದರೆ ಗಂಟೆಗೆ ಸುಮಾರು 39 ಕಿ.ಮೀ. 1906ರ ಫೆಬ್ರವರಿಯಲ್ಲಿ ಪೋರ್ಟ್ಸ್‌ಮತ್‌ನಲ್ಲಿ ನೀರಿಗಿಳಿಯಿತು, ಅದೇ ಡಿಸೆಂಬರಿನಲ್ಲಿ ನೌಕಾಪಡೆ ಸೇರಿತು. ಅಲ್ಲಿಗೆ ಬ್ರಿಟನ್ನಿನದೂ ಸೇರಿ ಎಲ್ಲ ದೇಶಗಳ ಹಳೆಯ ಯುದ್ಧನೌಕೆಗಳು ಒಮ್ಮೆಗೇ ಹಳತಾಗಿಬಿಟ್ಟವು, ಜರ್ಮನಿಯೂ ಇಂಥವನ್ನೇ ಕಟ್ಟಲು ಹೊರಟಿತು, ಪೈಪೋಟಿ ಜೋರಾಯಿತು.

ಇನ್ನು ಯುದ್ಧದ ಮಾತು. ಬ್ರಿಟನ್ ಮತ್ತು ಜರ್ಮನಿಯ ನೌಕಾಪಡೆಗಳ ನಡುವಿನ ದೊಡ್ಡ ಕಾಳಗವಾದ 1916ರ ಜಟ್‌ಲ್ಯಾಂಡ್ ಕದನದಲ್ಲಿ ಇದು ಇರಲೇ ಇಲ್ಲ, ಆಗ ರಿಪೇರಿಯಲ್ಲಿತ್ತು. ಆದರೆ 1915ರ ಮಾರ್ಚ್ 18ರಂದು ಸ್ಕಾಟ್ಲೆಂಡ್ ಬಳಿ ಜರ್ಮನಿಯ ಯು-29 ಜಲಾಂತರ್ಗಾಮಿ ಕಣ್ಣಿಗೆ ಬಿದ್ದಾಗ, ಈ ಭಾರಿ ಹಡಗು ನೇರವಾಗಿ ಅದರ ಮೇಲೇ ನುಗ್ಗಿ ಮೂತಿಯಿಂದ ಗುದ್ದಿ ಮುಳುಗಿಸಿತು. ಹತ್ತು ಫಿರಂಗಿಗಳಿದ್ದ ಹಡಗಿಗೆ ಸಿಕ್ಕ ದೊಡ್ಡ ಬೇಟೆ ಫಿರಂಗಿಯಿಂದಲ್ಲ! ಆ ಜಲಾಂತರ್ಗಾಮಿಯಲ್ಲಿ ಒಬ್ಬರೂ ಬದುಕಲಿಲ್ಲ, ಅದನ್ನು ನೆನೆದರೆ ಸಂಕಟವಾಗುತ್ತದೆ. ಅದರ ಕ್ಯಾಪ್ಟನ್ ಓಟ್ಟೊ ವೆಡ್ಡಿಗನ್, 1914ರ ಸೆಪ್ಟೆಂಬರಿನಲ್ಲಿ ಒಂದೇ ದಿನ ಮೂರು ಬ್ರಿಟಿಷ್ ಕ್ರೂಸರ್‌ಗಳನ್ನು ಮುಳುಗಿಸಿದ್ದವನು.

1921ರಲ್ಲಿ ಡ್ರೆಡ್‌ನಾಟ್ ಗುಜರಿಗೆ ಮಾರಾಟವಾಯಿತು. ಉಳಿಸಿಕೊಳ್ಳಬೇಕಿತ್ತು ಅಂತ ನನಗೆ ಈಗಲೂ ಅನ್ನಿಸುತ್ತದೆ.